ಹರಿಗೋಲು ಹತ್ತುವ ಮುನ್ನ

ಗಂಡಸಿಯ ಸುತ್ತಮುತ್ತಲಿನವರಾದ ನಾವು ಕೆರೆಯ ನೀರನ್ನು ಬಲ್ಲೆವು; ಹರಿಯುವ ಹೊಳೆಯ ಪರಿಚಯ ನಮಗೆ ಕಡಿಮೆ. ಬೇಲೂರನ್ನು ಹಾದುಬರುವ ಯಗಚಿಯಾಗಲಿ, ಗೊರೂರಿನ ಬಳಿ ಅದನ್ನು ತನ್ನೊಳಗೆ ಸೇರಿಸಿಕೊಳ್ಳುವ ಹೇಮಾವತಿಯಾಗಲಿ ನಮ್ಮ ತೆಂಗಿನ ತೋಟಗಳಿಗೆ ದೂರವೇ. ಆದ್ದರಿಂದ ಬಿಡುವಿನ ಒಂದು ದಿನ ಕುಟುಂಬಸಮೇತ ಹೊಳೆಯ ದಡಕ್ಕೆ ಹೋಗಿ, ಹರಿಗೋಲಿನಲ್ಲಿ ಕುಳಿತು ಬರುವುದೆಂದರೆ ಸದ್ಭಕ್ತರಿಗೆ ಹಿಗ್ಗು. ಈ ಸಂತೋಷ ಸುರಕ್ಷಿತವಾಗಿರಬೇಕಾದರೆ ಅದರ ಸಿದ್ಧತೆ ಮನೆಯಲ್ಲಿಯೇ ಆಗಬೇಕು. ಈ ಪಾಠವನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವು.

ಕೆಲವು ವರ್ಷಗಳ ಹಿಂದೆ ಭಕ್ತರ ತಂಡವೊಂದರ ಜೊತೆ ನಾವು ಕಾವೇರಿ ತೀರಕ್ಕೆ ಹೋಗಿದ್ದೆವು. ನಸುಕಿನಲ್ಲೇ ಹೊರಟಿದ್ದರಿಂದ, ಹೊಳೆಯಲ್ಲಿ ಮಿಂದು, ಇಷ್ಟಲಿಂಗ ಪೂಜೆ ಮುಗಿಸಿದ ಮೇಲೆಯೇ ಪ್ರಸಾದವೆಂದು ಹಿರಿಯರು ನಿಶ್ಚಯಿಸಿದ್ದರು. ತಲುಪಿದಾಗ ಹರಿಗೋಲು ಸಿದ್ಧವಿತ್ತು. ಮೊದಲು ಅದೇ ಆಗಲೆಂದು ಎಲ್ಲರೂ ಹತ್ತಿದರು. ಹೊಳೆಯ ನಡುವೆ ಅರವತ್ತು ದಾಟಿದ ಹಿರಿಯರೊಬ್ಬರು ಬೆವರತೊಡಗಿದರು. ಕೈ ನಡುಗಿತು, ಮಾತು ತೊದಲಿತು. ನೀರಿನ ಭಯವೆಂದು ಪಕ್ಕದವರು ನಕ್ಕರು. ಅವರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮನೆಯಲ್ಲೇ ನುಂಗಿ, ನಾಲ್ಕು ಗಂಟೆ ಕಾಲ ಏನನ್ನೂ ತಿಂದಿರಲಿಲ್ಲ. ಮಗುವೊಂದರ ಚೀಲದಲ್ಲಿದ್ದ ಬೆಲ್ಲದ ತುಂಡು ಅಂದು ಅವರನ್ನು ಕಾಪಾಡಿತು. ಅವರಿಗೆ ಕಾಯಿಲೆ ಇರುವುದು ನಮಗೆ ತಿಳಿದಿತ್ತು; ಬೆಳಿಗ್ಗೆ ಒಂದು ಮಾತು ಕೇಳಲಿಲ್ಲ.

ಪೂಜೆ, ಪ್ರಸಾದ, ಮಾತ್ರೆ

ಕೆಲವು ಬಗೆಯ ಮಾತ್ರೆಗಳು ಮತ್ತು ಇನ್ಸುಲಿನ್, ಆಹಾರ ಬಂದರೂ ಬಾರದಿದ್ದರೂ ರಕ್ತದ ಸಕ್ಕರೆಯನ್ನು ಇಳಿಸುತ್ತವೆ. ಆದ್ದರಿಂದ ಪೂಜೆಯನ್ನು ಮನೆಯಲ್ಲೇ ಮುಗಿಸಿ, ವೈದ್ಯರು ಹೇಳಿದ ಕ್ರಮದಲ್ಲಿ ಮಾತ್ರೆ ಮತ್ತು ಪ್ರಸಾದ ಎರಡನ್ನೂ ಸ್ವೀಕರಿಸಿಯೇ ಹೊರಡುವುದು ಲೇಸು. ಹೊಳೆಯ ದಡದಲ್ಲೇ ಪೂಜೆಯಾಗಬೇಕೆಂಬ ಹಂಬಲವಿದ್ದರೆ ಮಾತ್ರೆಯ ವೇಳೆಯ ಬಗ್ಗೆ ಹಿಂದಿನ ದಿನವೇ ವೈದ್ಯರನ್ನು ಕೇಳಬೇಕು, ತಾವಾಗಿಯೇ ಬದಲಿಸಬಾರದು. ಹೇಮಂತ ಋತುವಿನಲ್ಲಿ ಜಠರಾಗ್ನಿ ಪ್ರಬಲವಾಗಿರುತ್ತದೆ, ಆಗ ಆಹಾರವಿಲ್ಲದಿದ್ದರೆ ಅದು ದೇಹಧಾತುಗಳನ್ನೇ ಸುಡುತ್ತದೆ ಎಂಬುದು ಆಯುರ್ವೇದದ ಎಚ್ಚರಿಕೆ.

ಪ್ರತಿ ಹರಿಗೋಲಿನಲ್ಲೂ ಒಂದು ಪೊಟ್ಟಣ ಬೆಲ್ಲ ಅಥವಾ ಸಕ್ಕರೆ ಇರಲಿ. ಕೊಬ್ಬರಿ-ಬೆಲ್ಲ ನಮ್ಮ ಸೀಮೆಯ ಪ್ರೀತಿಯ ತಿನಿಸು; ಆದರೆ ಕೊಬ್ಬರಿಯ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಇಂಥ ಹೊತ್ತಿನಲ್ಲಿ ಬೆಲ್ಲ ಮಾತ್ರ ಕೊಡಬೇಕು, ಇಲ್ಲವೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಟ್ಟು, ಬಳಿಕ ಊಟ ಮಾಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಕಾಲ ಮತ್ತು ಸ್ಥಳ

ಮಳೆಗಾಲದಲ್ಲಿ ಹೊಳೆಯಾನ ಬೇಡ. ಅಣೆಕಟ್ಟು ತುಂಬಿದಾಗ, ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನಿಂದ ಬಿಟ್ಟ ನೀರು ಹೊಳೆಯನ್ನು ಏರಿಸಬಹುದು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತಕರ. ವೃದ್ಧರು, ಮಕ್ಕಳು ಇದ್ದರೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಯೋಗ್ಯವಾದ ಸ್ಥಳ. ಚನ್ನರಾಯಪಟ್ಟಣ, ಕೃಷ್ಣರಾಜಪೇಟೆ ಮಾರ್ಗವಾಗಿ ಹೋಗಿ ಸಂಜೆಗೆ ಮರಳಬಹುದು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಅಲ್ಲಿ ಅರಣ್ಯ ಇಲಾಖೆಯೇ ದೋಣಿ ನಡೆಸುತ್ತದೆ. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದೋಣಿವಿಹಾರವನ್ನು ನಿಲ್ಲಿಸುತ್ತದೆ. ಹಾಗೆ ನಿಲ್ಲಿಸಿದ್ದರೆ ದಡದಿಂದಲೇ ಹಕ್ಕಿಗಳನ್ನು ನೋಡಿ ಮರಳುವುದೇ ವಿವೇಕ.

ನೀರಿನ ಮೇಲೆ

ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ, ಹೊಳೆಯನ್ನು ಈಜಿ ದಾಟಬಾರದು, ಭದ್ರತೆಯ ಬಗ್ಗೆ ಸಂಶಯವಿರುವ ದೋಣಿಯನ್ನು ಹತ್ತಬಾರದು ಎಂದು ವಿಧಿಸಿದ್ದಾರೆ. ಹಲ್ಲುಜ್ಜುವುದು, ಅಭ್ಯಂಗ, ವ್ಯಾಯಾಮಗಳನ್ನು ಹೇಳುವ ಅಧ್ಯಾಯದಲ್ಲೇ ದೋಣಿಯ ಮಾತೂ ಬಂದಿರುವುದು ಗಮನಾರ್ಹ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಅಸುನೀಗಿದರು. ಅವರಲ್ಲಿ ಹಾವೇರಿ ಜಿಲ್ಲೆಯಿಂದ ಬಂದ ಭಕ್ತರೂ ಇದ್ದರು. ಅದು ಸಮುದ್ರ, ನಮ್ಮದು ಹೊಳೆ ಎಂದು ಸಮಾಧಾನಪಡುವಂತಿಲ್ಲ. ದೇವರ ಕಾರ್ಯಕ್ಕೆ ಹೋದವರನ್ನೂ ನೀರು ಬೇರೆಯಾಗಿ ಕಾಣುವುದಿಲ್ಲ.

ಜೀವರಕ್ಷಕ ಜಾಕೆಟ್ ಇಲ್ಲದ ದೋಣಿಯನ್ನು ಯಾರೂ ಹತ್ತಬಾರದು. ಇಷ್ಟಲಿಂಗದ ಕರಡಿಗೆಯನ್ನು ಅಂಗಿಯ ಒಳಗಿಟ್ಟುಕೊಂಡು ಅದರ ಮೇಲೆ ಜಾಕೆಟ್ ಧರಿಸಿದರೆ ಶಿವದಾರ ಪಟ್ಟಿಗಳಿಗೆ ಸಿಲುಕುವುದಿಲ್ಲ. ಹರಿಗೋಲು ಬುಟ್ಟಿಯಂತೆ ದುಂಡಗಿರುವುದರಿಂದ ಅಂಚನ್ನು ತುಳಿಯದೆ ನಡುವೆ ಕಾಲಿಟ್ಟು ಹತ್ತಿ, ಸುತ್ತಲೂ ತೂಕ ಸಮನಾಗುವಂತೆ ಕುಳಿತುಕೊಳ್ಳಬೇಕು. ವಿನೋದಕ್ಕಾಗಿ ಅದನ್ನು ಗಿರಗಿರನೆ ತಿರುಗಿಸುವುದುಂಟು. ತಲೆಸುತ್ತು, ಕತ್ತುನೋವು ಇರುವವರು ಅದು ಬೇಡವೆಂದು ಮೊದಲೇ ಹೇಳಬೇಕು. ಮೂರ್ಛೆರೋಗ ಉಳ್ಳವರು, ಇತ್ತೀಚೆಗೆ ಹೃದಯಾಘಾತವಾದವರು, ತುಂಬು ಗರ್ಭಿಣಿಯರು ದಡದಲ್ಲೇ ಇರುವುದು ಕ್ಷೇಮ.

ತಾಯಂದಿರಲ್ಲಿ ಒಂದು ಬಿನ್ನಹ. ಶೌಚಾಲಯದ ತೊಂದರೆಗೆ ಅಂಜಿ ದಿನವಿಡೀ ನೀರು ಕುಡಿಯದೆ ಇರಬೇಡಿ. ತಡೆಯಬಾರದ ಹದಿಮೂರು ವೇಗಗಳನ್ನು ಚರಕಸಂಹಿತೆ ಹೇಳಿದೆ, ಮೂತ್ರವೇಗ ಅವುಗಳಲ್ಲೊಂದು. ಅದನ್ನು ತಡೆದು ಉರಿಮೂತ್ರ ತಂದುಕೊಂಡವರನ್ನು ಪ್ರವಾಸದ ಮರುದಿನ ನಾವು ಎಷ್ಟೋ ಸಲ ನೋಡಿದ್ದೇವೆ. ಶೌಚಾಲಯವಿರುವ ತಂಗುದಾಣವನ್ನು ಮೊದಲೇ ಗೊತ್ತುಮಾಡಿ, ಕುದಿಸಿ ಆರಿಸಿದ ನೀರನ್ನು, ತೆಳುವಾದ ಮಜ್ಜಿಗೆಯನ್ನು ಜೊತೆಗೆ ಒಯ್ಯಿರಿ. ಬುತ್ತಿಗೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಸಾಕು.

ಯಾರಾದರೂ ನೀರಿಗೆ ಬಿದ್ದರೆ ಈಜು ಬಾರದವರು ಹಿಂದೆಯೇ ಧುಮುಕಬಾರದು. ಹಗ್ಗ, ಸೀರೆ ಅಥವಾ ಮುಚ್ಚಿದ ಖಾಲಿ ಕ್ಯಾನನ್ನು ಎಸೆಯಬೇಕು. ಮೇಲೆತ್ತಿದವರ ಹೊಟ್ಟೆ ಒತ್ತಿ ನೀರು ತೆಗೆಯುವ ಹಳೆಯ ಅಭ್ಯಾಸ ಅಪಾಯಕಾರಿ. ಉಸಿರಿಲ್ಲದಿದ್ದರೆ ಬಾಯಿಂದ ಉಸಿರು ತುಂಬುವುದನ್ನೂ ಎದೆ ಒತ್ತುವುದನ್ನೂ ಕೂಡಲೇ ಆರಂಭಿಸಬೇಕು. ಇದನ್ನು ಮನೆಗೊಬ್ಬರಾದರೂ ಕಲಿತಿರಬೇಕು.

ಅಂಬಿಗರ ಚೌಡಯ್ಯನವರು ತುಂಗಭದ್ರೆಯ ತೀರದಲ್ಲಿ ದೋಣಿ ನಡೆಸುವುದನ್ನೇ ಕಾಯಕವಾಗಿಸಿಕೊಂಡ ಶರಣರು. ಅವರನ್ನು ನೆನೆಯುವ ನಾವು, ಅಂಬಿಗನು ಇಷ್ಟೇ ಜನ ಸಾಕು ಎಂದಾಗ ಇನ್ನೊಬ್ಬರನ್ನು ತುರುಕಲು ಹಟ ಹಿಡಿಯಬಾರದು. ಆ ಹಿರಿಯರು ಈಗಲೂ ನಮ್ಮ ಜೊತೆ ಪ್ರವಾಸಕ್ಕೆ ಬರುತ್ತಾರೆ. ಬಸ್ಸು ಹೊರಡುವ ಮೊದಲು ಪ್ರತಿಯೊಬ್ಬರ ಬಳಿಯೂ ನಿಂತು, "ಪ್ರಸಾದವಾಯಿತೇ? ಮಾತ್ರೆ ಆಯಿತೇ?" ಎಂದು ಕೇಳುವ ಹೊಣೆಯನ್ನು ಅವರೇ ಹೊತ್ತಿದ್ದಾರೆ.