ಸಂಪಿನ ಮುಚ್ಚಳಕ್ಕೆ ಬೀಗ ಇದೆಯಾ?

ಮಗು ಸದ್ದಿಲ್ಲದೆ ತನ್ನ ಪಾಡಿಗೆ ಆಡಿಕೊಳ್ಳುತ್ತಿದ್ದರೆ 'ಅಬ್ಬಾ, ಸದ್ಯ!' ಎಂದು ಬಟ್ಟೆ ಒಣಹಾಕಲು ಹೋಗುತ್ತೀರಿ ಅಲ್ಲವೇ? ಆದರೆ ನಿಮ್ಮ ಮಗುವಿಗೆ ಆಟಿಸಂ ಇದ್ದರೆ ಆ ಸದ್ದಿಲ್ಲದ ಹೊತ್ತಿನಲ್ಲೇ ಹೆಚ್ಚು ಎಚ್ಚರ ಬೇಕು.

ಇಂಥ ಅನೇಕ ಮಕ್ಕಳಿಗೆ ನೀರೆಂದರೆ ಪ್ರಾಣ. ಅದರ ಹೊಳಪು, ತಂಪು ಅವರನ್ನು ಎಳೆಯುತ್ತದೆ. ಅಪಾಯದ ಅರಿವು ಮಾತ್ರ ಕಡಿಮೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಮರಣ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಆಟಿಸಂ ಇರುವ 15 ವರ್ಷದೊಳಗಿನ ಮಕ್ಕಳು ನೀರಿನಲ್ಲಿ ಮುಳುಗಿ ಸಾಯುವ ಸಂಭವ ಉಳಿದ ಮಕ್ಕಳಿಗಿಂತ 160 ಪಟ್ಟು ಹೆಚ್ಚು. ಗಾಬರಿಯಾಗಬೇಡಿ, ಎದ್ದು ಮನೆಯನ್ನೊಮ್ಮೆ ಸುತ್ತಿ ಬನ್ನಿ.

ನಮ್ಮಲ್ಲಿ ಈಜುಕೊಳಕ್ಕಿಂತ ಹತ್ತಿರ ಇರೋದು ಸಂಪು. ಟ್ಯಾಂಕರ್ ಬಂದಾಗ ತೆಗೆದ ಮುಚ್ಚಳ ಹಾಗೇ ಉಳಿದುಬಿಡುತ್ತದೆ. ಅದಕ್ಕೆ ಬೀಗ ಹಾಕಿಸಿ, ಕೀಲಿ ನಿಮ್ಮ ಬಳಿಯೇ ಇರಲಿ. ಬಚ್ಚಲುಮನೆಯ ಬಕೆಟ್ ಖಾಲಿ ಮಾಡಿ ಬೋರಲು ಹಾಕಿ. ಹಳ್ಳಿಯವರಾದರೆ ಕೃಷಿಹೊಂಡಕ್ಕೆ ಬೇಲಿ ಬೇಕೇ ಬೇಕು. ಅದರ ಪ್ಲಾಸ್ಟಿಕ್ ಹಾಳೆ ಎಷ್ಟು ಜಾರುತ್ತದೆಂದರೆ, ಈಜು ಬಲ್ಲವರಿಗೂ ಮೇಲೆ ಹತ್ತುವುದು ಕಷ್ಟ.

ಇನ್ನೊಂದು ವಿಷಯ, ಮನೆಯಿಂದ ಹೊರಟುಬಿಡುವುದು. 2012ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ನಾಲ್ಕು ವರ್ಷ ದಾಟಿದ ಮೇಲೆ ಒಮ್ಮೆಯಾದರೂ ಹೀಗೆ ತಪ್ಪಿಸಿಕೊಂಡು ಹೋಗಲು ಯತ್ನಿಸಿದ್ದರು. ಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿಸಿ, ಒಂದು ಗೆಜ್ಜೆಯನ್ನೂ ಕಟ್ಟಿ.

ಅಕಸ್ಮಾತ್ ಮಗು ಕಾಣಿಸಲಿಲ್ಲ ಅನ್ನಿ. ಮಂಚದ ಕೆಳಗೆ ಹುಡುಕುತ್ತಾ ಕೂರಬೇಡಿ. ಮೊದಲು ಸಂಪು, ಬಾವಿ, ಹತ್ತಿರದ ಕೆರೆ ನೋಡಿ. ಇನ್ನೊಬ್ಬರು 112ಕ್ಕೆ ಫೋನ್ ಮಾಡಲಿ. ಹೆಸರು ಹಿಡಿದು ಕೂಗಿದರೆ ಈ ಮಕ್ಕಳು ಓಗೊಡದೇ ಇರಬಹುದು, ಉತ್ತರ ಬರಲಿಲ್ಲವೆಂದು ಆ ಜಾಗ ಬಿಟ್ಟು ಮುಂದೆ ಹೋಗಬೇಡಿ.

ಮದುವೆಮನೆಯಲ್ಲಂತೂ ಹತ್ತು ಜನ ಇದ್ದರೂ ನೋಡಿಕೊಳ್ಳುವವರು ಯಾರೂ ಇರುವುದಿಲ್ಲ! 'ಈ ಒಂದು ಗಂಟೆ ನಿನ್ನದು' ಎಂದು ಒಬ್ಬರಿಗೇ ಒಪ್ಪಿಸಿ. ಅದು ಅಪ್ಪನೂ ಆಗಬಹುದು, ಯಾವಾಗಲೂ ಅಮ್ಮನೇ ಏಕೆ?

ಈಜು ಕಲಿಸಿ, ಖಂಡಿತ. ಆದರೆ ಕಲಿತನೆಂದು ನೀರಿನ ಹತ್ತಿರ ಒಬ್ಬನನ್ನೇ ಬಿಡಬೇಡಿ. ನಾಚಿಕೆಪಟ್ಟು ಮುಚ್ಚಿಡದೆ ಅಕ್ಕಪಕ್ಕದವರಿಗೆ, ಮೂಲೆ ಅಂಗಡಿಯವರಿಗೆ ಮಗುವಿನ ಫೋಟೊ ತೋರಿಸಿ, 'ಒಬ್ಬನೇ ಹೋಗ್ತಿದ್ರೆ ನಿಲ್ಲಿಸಿ, ನನಗೆ ಫೋನ್ ಮಾಡಿ' ಎಂದು ನಂಬರ್ ಬರೆದುಕೊಟ್ಟು ಬನ್ನಿ.