ಲಿಂಕ್ ಕಳಿಸಿದರೆ ಸಮ್ಮೇಳನಕ್ಕೆ ಕರೆದಂತಾಯಿತೇ?

ಕಳೆದ ವರ್ಷ ದಾವಣಗೆರೆಯಲ್ಲಿ ನಮ್ಮ ಸಂಘದ ಸಮ್ಮೇಳನ ನಡೆಯಿತು. ಓದು, ಚರ್ಚೆ ಅಂತ ಕಟ್ಟಿಕೊಂಡ ಸಣ್ಣ ನೋಂದಾಯಿತ ಸಂಘ ನಮ್ಮದು. ಎರಡನೇ ದಿನ ಮಧ್ಯಾಹ್ನ ಸರ್ವಸದಸ್ಯರ ಸಭೆಯಲ್ಲಿ ವಾರ್ಷಿಕ ಶುಲ್ಕವನ್ನು 200ರಿಂದ 500 ರೂಪಾಯಿಗೆ ಏರಿಸುವ ನಿರ್ಣಯ ಬಂತು. ‘ಒಪ್ಪಿಗೆ ಇರೋರು ಕೈ ಎತ್ತಿ’ ಅಂದರು ಅಧ್ಯಕ್ಷರು. ಎಣಿಸಿದರು, ಪಾಸಾಯಿತು. ಅರ್ಧ ಗಂಟೆ ಬಿಟ್ಟು ಲ್ಯಾಪ್‌ಟಾಪ್ ನೋಡಿದೆ. ಶೃಂಗೇರಿ ಕಡೆಯ ಸದಸ್ಯೆಯೊಬ್ಬರು, ನೆಟ್‌ವರ್ಕ್ ಸಿಗೋ ಗುಡ್ಡ ಹತ್ತಿ ಸಭೆಗೆ ಸೇರಿಕೊಂಡಿದ್ದವರು, ಚಾಟ್‌ನಲ್ಲಿ ನಾಲ್ಕು ಸಲ ಬರೆದಿದ್ದರು: ‘ನನ್ನದು ವಿರೋಧ.’ ಲ್ಯಾಪ್‌ಟಾಪ್ ನೋಡಿಕೊಳ್ಳೋ ಹೊಣೆ ನನ್ನದೇ ಆಗಿತ್ತು. ಆ ಹೊತ್ತಿಗೆ ನಾನು ಊಟದ ಕೂಪನ್ ಲೆಕ್ಕ ಹಾಕುತ್ತಿದ್ದೆ.

ಕೊರೊನಾ ನಂತರ ನಮ್ಮ ಸಂಘಟನೆಗಳು ಸಮ್ಮೇಳನ ನಡೆಸುವ ರೀತಿಯಲ್ಲಿ ಏನು ಕೆಟ್ಟಿದೆ ಅನ್ನೋದು ನನಗೆ ಅರ್ಥವಾಗಿದ್ದು ಆವತ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ನಡೆದದ್ದು 2020ರ ಫೆಬ್ರುವರಿ 5ರಿಂದ 7ರವರೆಗೆ. ಮುಂದಿನ ತಿಂಗಳೇ ದೇಶದ ಮೊದಲ ಕೋವಿಡ್ ಸಾವು ಅದೇ ಕಲಬುರಗಿಯಿಂದ ವರದಿಯಾಯಿತು. ಹಾವೇರಿಯಲ್ಲಿ 2021ರ ಫೆಬ್ರುವರಿಗೆ ನಿಗದಿಯಾಗಿದ್ದ 86ನೇ ಸಮ್ಮೇಳನ ಮುಂದೆ ಹೋಗಿ ಹೋಗಿ ಕೊನೆಗೆ ನಡೆದದ್ದು 2023ರ ಜನವರಿ 6ರಿಂದ 8ರವರೆಗೆ. ಪರಿಷತ್ತಿನ ಚುನಾವಣೆಯೂ ಅಷ್ಟೇ: 2021ರ ಮೇ 9ಕ್ಕೆ ಇದ್ದದ್ದು ಎರಡನೇ ಅಲೆಯಿಂದಾಗಿ ನವೆಂಬರ್ 21ಕ್ಕೆ ನಡೆಯಿತು.

1915ರಿಂದ ಇರುವ ಸಂಸ್ಥೆ, ಸರ್ಕಾರದ ಅನುದಾನ ಬೇರೆ. ಅದು ಕಾಯಬಹುದು. ಸಣ್ಣ ಸಂಘ ಎರಡು ವರ್ಷ ಸೇರದಿದ್ದರೆ ಮೂರನೇ ವರ್ಷ ಸಂಘವೇ ಇರಲ್ಲ. ಹಾಗಾಗಿ ನಾವೆಲ್ಲ ಜೂಮ್‌ಗೆ ಹೋದೆವು. ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಸಭೆ ಕಡಿದು ಹೋಗುತ್ತಿತ್ತು, ಮತ್ತೆ ಅದೇ ಲಿಂಕ್ ಒತ್ತಬೇಕಿತ್ತು. (ಉದ್ದುದ್ದ ಭಾಷಣ ಮಾಡೋರಿಗೆ ಇದಕ್ಕಿಂತ ಒಳ್ಳೆ ಕಡಿವಾಣ ಇನ್ನೊಂದಿಲ್ಲ, ಆ ಮಾತು ಬೇರೆ.) ಆದರೆ ಅಲ್ಲಿವರೆಗೆ ಒಂದೂ ಸಮ್ಮೇಳನಕ್ಕೆ ಬಂದಿರದ ಮುಖಗಳು ಆಗ ಕಂಡವು. ಮಗು ಮಡಿಲಲ್ಲಿಟ್ಟುಕೊಂಡವರು, ಗಾಲಿಕುರ್ಚಿಯಲ್ಲಿ ಓಡಾಡುವ ಗೆಳೆಯ, ಪಾಳಿ ಮುಗಿಸಿ ಬಸ್‌ಸ್ಟ್ಯಾಂಡಿನಿಂದಲೇ ಮಾತಾಡಿದ ಗಾರ್ಮೆಂಟ್ಸ್‌ನ ಅಕ್ಕ.

ಶಾಮಿಯಾನ ಮತ್ತೆ ಎದ್ದಿತು. ಆ ಮುಖಗಳಿಗೆ ನಾವು ಕೊಟ್ಟದ್ದು ಯೂಟ್ಯೂಬ್ ಲಿಂಕ್.

ಸಮ್ಮೇಳನದಲ್ಲಿ ಎರಡು ಬೇರೆ ಬೇರೆ ಕೆಲಸ ಇರುತ್ತವೆ. ಉದ್ಘಾಟನೆ, ಗೋಷ್ಠಿ, ಕವಿಗೋಷ್ಠಿ ಒಂದು ಕಡೆ. ಇವನ್ನು ಲಿಂಕ್‌ನಲ್ಲಿ ನೋಡಬಹುದು, ನಾಳೆ ನೋಡಿದರೂ ನಡೆಯುತ್ತೆ. ಸರ್ವಸದಸ್ಯರ ಸಭೆ ಇನ್ನೊಂದು ಕಡೆ: ಲೆಕ್ಕಪತ್ರ, ನಿರ್ಣಯ, ಪದಾಧಿಕಾರಿಗಳ ಆಯ್ಕೆ. ಇಲ್ಲಿ ಬರೀ ನೋಡೋದು ಭಾಗವಹಿಸಿದಂತೆ ಅಲ್ಲ. ಮಾತು ಬೇಕು, ಮತ ಬೇಕು. ಹೆಚ್ಚಿನ ಸಂಘಗಳು ಎರಡಕ್ಕೂ ಒಂದೇ ಕ್ಯಾಮೆರಾ ಇಟ್ಟು ‘ಹೈಬ್ರಿಡ್’ ಅಂತ ಪೋಸ್ಟರ್ ಹಾಕ್ತವೆ.

ಕಂಪನಿಗಳ ವಿಚಾರದಲ್ಲಿ ಹೀಗಾಗಲಿಲ್ಲ ನೋಡಿ. ಲಾಕ್‌ಡೌನ್ ಶುರುವಾದ ಕೆಲವೇ ವಾರಗಳಲ್ಲಿ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಸುತ್ತೋಲೆ ಹೊರಡಿಸಿ, ಷೇರುದಾರರ ಸಭೆಯನ್ನು ವಿಡಿಯೋ ಮೂಲಕ ನಡೆಸಲು ಬಿಟ್ಟಿತು. ಯಾರನ್ನು ಹಾಜರು ಅಂತ ಎಣಿಸಬೇಕು, ಮತ ಹೇಗೆ ಪಡೆಯಬೇಕು ಎಲ್ಲವೂ ಅದರಲ್ಲಿತ್ತು. ಆ ಅನುಮತಿ ಮತ್ತೆ ಮತ್ತೆ ಮುಂದುವರಿದಿದೆ. ಹತ್ತು ಷೇರು ಇಟ್ಟುಕೊಂಡವನಿಗೆ ಮನೆಯಿಂದಲೇ ಮತ ಹಾಕುವ ದಾರಿ ಇದೆ. ಹತ್ತು ವರ್ಷ ಸಂಘಕ್ಕೆ ದುಡಿದ ಸದಸ್ಯೆಗೆ ಇಲ್ಲ.

ಇದಕ್ಕೆ ಸರ್ಕಾರವನ್ನೇ ಬೈಯುತ್ತಾ ಕೂರಬೇಕಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಪ್ರತಿ ಸಂಘಕ್ಕೂ ತನ್ನದೇ ಬೈಲಾ ಇರುತ್ತೆ. ನಮ್ಮದನ್ನು ತೆಗೆದು ಓದಿದೆ. ‘ಹಾಜರಿರುವ ಸದಸ್ಯರ ಬಹುಮತ’ ಅಂತಿತ್ತು. ಹಾಜರು ಅಂದರೆ ಯಾರು? ಬರೆದಿಲ್ಲ. ದೂರದಿಂದ ಸೇರಿದವರು ಕೋರಂಗೆ ಸೇರ್ತಾರಾ, ಅವರ ಮತವನ್ನು ಯಾರು, ಹೇಗೆ ದಾಖಲಿಸಬೇಕು, ನೆಟ್‌ವರ್ಕ್ ಹೋದರೆ ಎಷ್ಟು ಹೊತ್ತು ಕಾಯಬೇಕು, ಇಷ್ಟನ್ನೂ ಬೈಲಾದಲ್ಲಿ ಬರೆಯಬೇಕು. ತಿದ್ದುಪಡಿಗೆ ಸದಸ್ಯರ ಸಭೆಯ ಒಪ್ಪಿಗೆ ಪಡೆದು ರಿಜಿಸ್ಟ್ರಾರ್ ಕಚೇರಿಗೆ ಸಲ್ಲಿಸಬೇಕು. ಬೇಸರದ ಕೆಲಸ, ಹೌದು. ಕ್ರಾಂತಿಯ ಹಾಡು ಹೇಳೋಕೆ ಇಪ್ಪತ್ತು ಜನ ಸಿಗ್ತಾರೆ, ಬೈಲಾ ಓದೋಕೆ ಇಬ್ಬರೂ ಸಿಗಲ್ಲ.

ಇನ್ನು ದುಡ್ಡು. ದೂರದವರಿಗೆ ಸಭೆ ಸರಿಯಾಗಿ ಕೇಳಬೇಕಂದ್ರೆ ಮೈಕಿನವರಿಂದ ಲ್ಯಾಪ್‌ಟಾಪಿಗೆ ನೇರ ವೈರ್ ಬೇಕು, ನಂಬಿಕಸ್ತ ಇಂಟರ್ನೆಟ್ ಬೇಕು, ಅವರ ಪರವಾಗಿ ಎದ್ದು ನಿಂತು ‘ಆನ್‌ಲೈನ್‌ನಲ್ಲಿ ಒಬ್ಬರು ಮಾತಾಡಬೇಕಂತೆ’ ಅನ್ನೋಕೆ ಒಬ್ಬ ವ್ಯಕ್ತಿ ಬೇಕು, ಆ ವ್ಯಕ್ತಿಗೆ ಬೇರೆ ಯಾವ ಕೆಲಸವೂ ಇರಬಾರದು. ಈ ಖರ್ಚಿಗೆ ದುಡ್ಡಿಲ್ಲ ಅಂದೆವು. ಆಮೇಲೆ ಲೆಕ್ಕ ತೆಗೆದರೆ ಹಾರ, ಶಾಲು, ಸ್ಮರಣಿಕೆಗೆ ಹೋದದ್ದೇ ಅದಕ್ಕಿಂತ ಜಾಸ್ತಿ.

ಎಲ್ಲರನ್ನೂ ಮನೆಯಲ್ಲೇ ಕೂರಿಸಿ ಅಂತ ನಾನು ಹೇಳ್ತಿಲ್ಲ. ನಾಯಕತ್ವಕ್ಕೆ ಇಷ್ಟವಿಲ್ಲದ ಮಾತು ಹುಟ್ಟೋದು ಚಹಾದ ಸಾಲಿನಲ್ಲಿ, ರಾತ್ರಿ ಕಲ್ಯಾಣ ಮಂಟಪದ ಜಮಖಾನದ ಮೇಲೆ. ಜೂಮ್‌ನಲ್ಲಿ ಮ್ಯೂಟ್ ಬಟನ್ ಆಯೋಜಕರ ಕೈಯಲ್ಲಿರುತ್ತೆ. ಆದ್ದರಿಂದ ಬರುವವರ ದಾರಿಯನ್ನೂ ಸಲೀಸು ಮಾಡಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ನಮ್ಮ ಸದಸ್ಯೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ಉಳಿಯಿತು. ಉಳಿದ ಆ ಹಣವನ್ನು ಮಕ್ಕಳನ್ನು ನೋಡಿಕೊಳ್ಳೋ ವ್ಯವಸ್ಥೆಗೆ ಹಾಕಬಹುದಿತ್ತು. ಹಾಕಲಿಲ್ಲ. ಸಾಹಿತ್ಯ ಸಮ್ಮೇಳನಕ್ಕೆ ಹೋಗುವ ಸರ್ಕಾರಿ ನೌಕರರಿಗೆ ಓಓಡಿ ಸಿಗುತ್ತೆ. ಗಾರ್ಮೆಂಟ್ಸ್‌ನವರಿಗೆ, ಡೆಲಿವರಿ ಹುಡುಗರಿಗೆ ಒಂದು ದಿನದ ಸಮ್ಮೇಳನ ಅಂದರೆ ಒಂದು ದಿನದ ಕೂಲಿ ಹೋದಂತೆ. ಹತ್ತು ಗಂಟೆಯ ಉದ್ಘಾಟನೆಗೆ ಅತಿಥಿಗಳು ಹನ್ನೆರಡಕ್ಕೆ ಬಂದರೆ ಆ ಕೂಲಿಯಲ್ಲಿ ಎರಡು ಗಂಟೆ ಬರೀ ಕಾಯೋದಕ್ಕೇ ಹೋಗುತ್ತೆ.

ಹೊರಗಿಡೋಕೆ ದೂರವೇ ಕಾರಣವಾಗಬೇಕಿಲ್ಲ ಅನ್ನೋದೂ ನೆನಪಿರಲಿ. ಹಾವೇರಿ ಸಮ್ಮೇಳನದಲ್ಲಿ ಮುಸ್ಲಿಂ ಲೇಖಕರನ್ನು ಕಡೆಗಣಿಸಲಾಗಿದೆ ಎಂದು ಪ್ರತಿಭಟಿಸಿ, ಅದರ ಕೊನೆಯ ದಿನವೇ ಬೆಂಗಳೂರಿನಲ್ಲಿ ಜನ ಸಾಹಿತ್ಯ ಸಮ್ಮೇಳನ ನಡೆಯಿತು. ಅಲ್ಲಿದ್ದ ಪ್ರಶ್ನೆ ವೇದಿಕೆಯ ಪಟ್ಟಿ ಬರೆಯೋರು ಯಾರು ಅನ್ನೋದು.

ನಮ್ಮ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಬೈಲಾ ತಿದ್ದುಪಡಿ ಮೊದಲನೇ ವಿಷಯ, ಶುಲ್ಕದ ನಿರ್ಣಯದ ಮರುಪರಿಶೀಲನೆ ಎರಡನೆಯದು. ಎರಡನ್ನೂ ಸೇರಿಸಲು ಕೇಳಿದವನು ನಾನೇ. ಶೃಂಗೇರಿ ಕಡೆಯ ಆ ಸದಸ್ಯೆಗೆ ಫೋನ್ ಮಾಡಿ ತಪ್ಪಾಯ್ತು ಅಂದೆ. ‘ಇರಲಿ ಬಿಡಿ ಸರ್’ ಅಂದರು. ಈ ವರ್ಷದ ಶುಲ್ಕ ಇನ್ನೂ ಕಟ್ಟಿಲ್ಲ.