ಸೈಕಲ್ಲಿಗೆ ಹಣವೋ, ಗುರುವಿಗೋ?

ಈಜು, ಸೈಕಲ್ ಸವಾರಿ, ಓಟ, ಈ ಮೂರನ್ನೂ ನಡುವೆ ಬಿಡುವಿಲ್ಲದೆ ಒಂದರ ಬೆನ್ನಿಗೊಂದರಂತೆ ಮುಗಿಸಬೇಕಾದ ಪಂದ್ಯಕ್ಕೆ ಟ್ರಯಥ್ಲಾನ್ ಎಂದು ಹೆಸರು. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಹುಟ್ಟಿದ ಈ ಆಟವು 2000ದಲ್ಲಿ ಸಿಡ್ನಿಯ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ಥಾನ ಪಡೆಯಿತು. ಅಲ್ಲಿ ಗೊತ್ತುಮಾಡಿದ ದೂರವು ಒಂದೂವರೆ ಕಿಲೋಮೀಟರು ಈಜು, 40 ಕಿಲೋಮೀಟರು ಸವಾರಿ, 10 ಕಿಲೋಮೀಟರು ಓಟ. 2019ರಲ್ಲಿ ಗೋವೆಯ ಕಡಲತೀರದಲ್ಲಿ ಇದಕ್ಕಿಂತಲೂ ದೀರ್ಘವಾದ ಪಂದ್ಯವೊಂದು ನಡೆಯಿತು. ನಮ್ಮ ಕಡೆಯ ಉದ್ಯೋಗಸ್ಥ ಗೃಹಸ್ಥರಲ್ಲಿಯೂ ಈ ಗೀಳು ಹತ್ತಿದವರುಂಟು. ಗೀಳು ಒಳ್ಳೆಯದೇ. ಆದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆಯು ಹಣದ್ದು: ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಸೈಕಲ್ಲನ್ನು ಕೊಳ್ಳುವುದೋ, ಬಲ್ಲ ಶಿಕ್ಷಕನಿಗೆ ತಿಂಗಳು ತಿಂಗಳೂ ಹಣ ತೆತ್ತು ಕಲಿಯುವುದೋ?

ಸಾಮಾನು ಕೆಲಸಕ್ಕೆ ಬಾರದೆನ್ನುವವರ ಪಕ್ಷ ನಮ್ಮದಲ್ಲ. 1989ರ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯದ ಕೊನೆಯ ದಿನ ವರ್ಸೈಯಿಂದ ಪ್ಯಾರಿಸಿನವರೆಗೆ 24.5 ಕಿಲೋಮೀಟರು ಒಬ್ಬೊಬ್ಬರೇ ಸವಾರಿ ಮಾಡಬೇಕಾಗಿತ್ತು. ಅಮೆರಿಕದ ಗ್ರೆಗ್ ಲೆಮಾಂಡನು ಫ್ರಾನ್ಸಿನ ಲಾರೆಂ ಫಿನ್ಯೋನನಿಗಿಂತ 50 ಸೆಕೆಂಡು ಹಿಂದಿದ್ದನು. ಟ್ರಯಥ್ಲಾನಿನವರು ಅದಾಗಲೇ ಬಳಸುತ್ತಿದ್ದ, ಮುಂದಕ್ಕೆ ಚಾಚಿಕೊಂಡ ಹಿಡಿಯೊಂದನ್ನು ಅವನು ತನ್ನ ಸೈಕಲ್ಲಿಗೆ ಹಾಕಿಸಿಕೊಂಡು ಬಂದನು. ಆ ದಿನ ಮುಗಿಯುವ ವೇಳೆಗೆ ಇಡೀ ಪಂದ್ಯವನ್ನು ಕೇವಲ 8 ಸೆಕೆಂಡುಗಳಿಂದ ಗೆದ್ದಿದ್ದನು! ಗೆಲುವೆಲ್ಲ ಹಿಡಿಯದೇ ಎನ್ನಲಾಗದಿದ್ದರೂ ಅದರ ಪಾಲು ದೊಡ್ಡದೆಂದು ಬಲ್ಲವರು ಹೇಳುತ್ತ ಬಂದಿದ್ದಾರೆ.

ಆ ಹಿಡಿ ಮಾಡಿದ್ದಾದರೂ ಏನು? ಸೈಕಲ್ಲನ್ನು ಅದು ಹಗುರಮಾಡಲಿಲ್ಲ. ಸವಾರನ ಮೊಣಕೈಗಳನ್ನು ಒಳಕ್ಕೆ ತಂದು ಬೆನ್ನನ್ನು ಬಾಗಿಸಿತು, ಅಷ್ಟೆ. ವೇಗದ ಸವಾರಿಯಲ್ಲಿ ಗಾಳಿ ಒಡ್ಡುವ ತಡೆಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಸವಾರನ ದೇಹದ್ದು; ಸೈಕಲ್ಲಿನದು ಉಳಿದ ಪಾಲು ಮಾತ್ರ. ಹೀಗಿರಲು ಲಕ್ಷಾಂತರ ಸುರಿದು ತಂದ ಸೈಕಲ್ಲಿನ ಮೇಲೆ ಹತ್ತೇ ನಿಮಿಷಕ್ಕೆ ಸೊಂಟ ನೋಯುತ್ತದೆಂದು ನೆಟ್ಟಗೆ ಕುಳಿತುಬಿಡುವವನಿಗೆ ಏನು ಲಾಭ? ಆಸನದ ಎತ್ತರವನ್ನು ಅಂಗಕ್ಕೆ ತಕ್ಕಂತೆ ಹೊಂದಿಸಿ, ಬಾಗಿದ ಬೆನ್ನಿನಲ್ಲಿಯೇ ಗಂಟೆಗಟ್ಟಲೆ ತುಳಿಯುವಂತೆ ಮೈಯನ್ನು ತಿಂಗಳುಗಳ ಕಾಲ ಪಳಗಿಸುವುದು ಶಿಕ್ಷಕನ ಕೆಲಸ. ಮನೆಗೆ ಬಂದವರಿಗೆ ತೋರಿಸಲು ಹಜಾರದಲ್ಲಿ ನಿಲ್ಲಿಸುವಂಥ ವಸ್ತು ಅದಲ್ಲವೆಂಬುದು ಬೇರೆ ಮಾತು.

ನೀರಿನಲ್ಲಂತೂ ಈ ಅಂತರವು ಇನ್ನೂ ಸ್ಪಷ್ಟ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ಉಸಿರಿಗಾಗಿ ತಲೆಯನ್ನು ಮೇಲೆತ್ತಿದೊಡನೆ ಕಾಲುಗಳು ಕೆಳಗಿಳಿಯುತ್ತವೆ. ಈಜುವವನು ತನ್ನ ಮೈಯನ್ನೇ ಲಂಗರಿನಂತೆ ಎಳೆದುಕೊಂಡು ಹೋಗಬೇಕಾಗುತ್ತದೆ. ಅವನಿಗೆ ಇದು ಕಾಣದು. ದಡದಲ್ಲಿ ನಿಂತ ಬಲ್ಲವನಿಗೆ ಒಂದೇ ನೋಟಕ್ಕೆ ಕಾಣುತ್ತದೆ. ಮೈಯನ್ನು ತೇಲಿಸಿಡುವ ರಬ್ಬರು ಉಡುಪೊಂದುಂಟು ನಿಜ. ಆದರೆ ನೀರು ಬೆಚ್ಚಗಿದ್ದಲ್ಲಿ ಪಂದ್ಯದ ನಿಯಮಗಳು ಅದಕ್ಕೆ ಅವಕಾಶ ಕೊಡುವುದಿಲ್ಲ.

ಇದು ಬರಿಯ ವೇಗದ ಮಾತೂ ಅಲ್ಲ. ಅಮೆರಿಕದಲ್ಲಿ 1985ರಿಂದ 2016ರವರೆಗೆ ಈ ಪಂದ್ಯಗಳಲ್ಲಿ ಸಂಭವಿಸಿದ ಸಾವು ಮತ್ತು ಹೃದಯಸ್ತಂಭನಗಳನ್ನು ವೈದ್ಯರು ಲೆಕ್ಕಹಾಕಿದಾಗ, ಒಟ್ಟು 135ರಲ್ಲಿ 90 ಈಜಿನ ಭಾಗದಲ್ಲಿಯೇ ನಡೆದಿದ್ದವು. ಆಪತ್ತಿಗೆ ಸಿಕ್ಕವರ ಸರಾಸರಿ ವಯಸ್ಸು 47ರ ಸಮೀಪ, ಬಹುಮಂದಿ ಗಂಡಸರು. ಸಂಸಾರದ ಹೊರೆ ಹೊತ್ತವರ ವಯಸ್ಸೇ ಅದು. ಆದುದರಿಂದ ಮೊದಲ ಖರ್ಚು ವೈದ್ಯರಲ್ಲಿ ಹೃದಯಪರೀಕ್ಷೆಗೆ, ಎರಡನೆಯದು ಈಜು ಕಲಿಸುವವನಿಗೆ ಎಂದು ನಾವು ಹೇಳುತ್ತೇವೆ. ಕೊಳದಲ್ಲಿ ಈಜಬಲ್ಲವನು ಅಲೆಗಳ ನಡುವೆ, ನೂರು ಜನರ ಕೈಕಾಲು ತಾಗುವಲ್ಲಿ, ಗಾಬರಿಯಾಗದಿರಲು ಬೇರೆಯೇ ಅಭ್ಯಾಸ ಬೇಕು.

ಶಿಕ್ಷಕರೆನಿಸಿಕೊಂಡವರೆಲ್ಲ ಶಿಕ್ಷಕರಲ್ಲ. ಒಂದೇ ವೇಳಾಪಟ್ಟಿಯನ್ನು ಎಲ್ಲರಿಗೂ ಹಂಚಿ ಹಣ ಪಡೆಯುವವನಿಗಿಂತ ಒಳ್ಳೆಯ ಪುಸ್ತಕವೊಂದು ಅಗ್ಗ. ನಿಮ್ಮನ್ನು ನೀರಿನಲ್ಲಿ ಕಣ್ಣಾರೆ ಕಂಡು ತಿದ್ದುವನೇ, ನಿದ್ರೆ ಕೆಟ್ಟ ವಾರದಲ್ಲಿ ಓಟವನ್ನು ತಗ್ಗಿಸೆನ್ನುವನೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು.

ಹೆಲ್ಮೆಟ್ಟು, ನಂಬಿಕೆಯ ಬ್ರೇಕು, ಕಾಲಿಗೊಪ್ಪುವ ಜೋಡು, ಇವುಗಳಲ್ಲಿ ಮಾತ್ರ ಕೈ ಬಿಗಿಹಿಡಿಯಲಾಗದು. ದುಬಾರಿ ಸೈಕಲ್ಲಿನ ಆಸೆಯು ಎರಡು ವರ್ಷ ಕಲಿತ ಮೇಲೂ ಉಳಿದಿದ್ದರೆ ಆಗ ಕೊಳ್ಳಬಹುದು. ಅಷ್ಟರಲ್ಲಿ ತನ್ನ ಅಳತೆ ತನಗೆ ತಿಳಿದಿರುತ್ತದೆ; ಹಳೆಯ ಸೈಕಲ್ಲಿಗೆ ಮನೆಯಲ್ಲಿ ಮಗನೋ ಮಗಳೋ ವಾರಸುದಾರರಾಗಿ ಸಿದ್ಧರಿರುತ್ತಾರೆ.